ಹೋರಿಗೆ ಮಾಡ್ತಾರಲ್ಲ, ಅದೇ ತಾನೆ?

ಡಾಕ್ಟರು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದರು. ದೊಡ್ಡಪ್ಪ ಸ್ವಲ್ಪ ಹೊತ್ತು ತುಟಿ ಬಿಚ್ಚಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಕಣ್ ಮಗ, ಹೋರಿಗೆ ಬೀಜ ಒಡೀತಾರಲ್ಲ, ಅದೇ ತಾನೆ ಇವ್ರು ಹೇಳ್ತಿರೋದು?" ಅಂದರು.

ಅದೇ ಆಗಿತ್ತು. ಆರು ತಿಂಗಳಿಂದ ಸೊಂಟ ನೋವು ಅಂತ ಎಣ್ಣೆ ತಿಕ್ಕಿಸಿಕೊಂಡು ಓಡಾಡುತ್ತಿದ್ದ ಮನುಷ್ಯನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಅದೂ ಬೆನ್ನುಮೂಳೆಗೆ ಹರಡಿದೆ ಅಂತ ಗೊತ್ತಾಗಿತ್ತು. ಡಾಕ್ಟರು ಎರಡು ದಾರಿ ಹೇಳಿದ್ದರು. ಒಂದು, ಸಣ್ಣ ಆಪರೇಷನ್ ಮಾಡಿ ಎರಡೂ ವೃಷಣಗಳನ್ನು ತೆಗೆಯೋದು. ಒಂದೇ ಸಲದ ಖರ್ಚು. ಇನ್ನೊಂದು, ಮೂರು ತಿಂಗಳಿಗೊಂದು ಇಂಜೆಕ್ಷನ್. ಅದು ನಿಲ್ಲಿಸುವ ಹಾಗಿಲ್ಲ, ಬೆಲೆಯೂ ಜಾಸ್ತಿ. ಹೊರಗೆ ಕಾರಿಡಾರಿನಲ್ಲಿ ದೊಡ್ಡಪ್ಪನ ಮಕ್ಕಳು ಪಿಸುಪಿಸು ಮಾತಾಡುತ್ತಿದ್ದರು. ದೊಡ್ಡಮ್ಮನಿಗೆ ಹೇಳಬೇಕಾ, ಊರಲ್ಲಿ ಗೊತ್ತಾದರೆ ಏನಂತಾರೆ, ಸಾಲ ಮಾಡಿಯಾದರೂ ಇಂಜೆಕ್ಷನ್ ಕೊಡಿಸೋಣ ಅಂತೆಲ್ಲ. ನಾನು ಓದಿರೋದು ಬಿಇ, ಕಂಪ್ಯೂಟರ್ ಸೈನ್ಸ್. ಆದರೆ ನಮ್ಮ ಮನೆಯಲ್ಲಿ 'ಓದಿದವನು' ಅಂದರೆ ಎಲ್ಲದಕ್ಕೂ ಓದಿದವನೇ. ಹಾಗಾಗಿ ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು.

ದೊಡ್ಡಪ್ಪನೇ ಮಾತು ಮುಗಿಸಿಬಿಟ್ಟರು. "ಆಪರೇಷನ್ನೇ ಆಗ್ಲಿ. ಬೀಜ ಒಡೆದ ಮೇಲೇನೆ ಕಣ್ರೋ ಅದು ಎತ್ತು ಆಗೋದು. ಹೊಲ ಉಳೋದು ಎತ್ತೇ ಹೊರತು ಹೋರಿ ಅಲ್ಲ."

ಆವತ್ತು ಅವರ ಪ್ರಶ್ನೆ ಕೇಳಿ ನನಗೆ ಮುಜುಗರ ಆಗಿತ್ತು. ಆಮೇಲೆ ಓದುತ್ತಾ ಹೋದಾಗ ಗೊತ್ತಾಯ್ತು, ಈ ಕಾಯಿಲೆಯ ಇಡೀ ಚರಿತ್ರೆ ಶುರುವಾಗೋದೇ ಆ ಪ್ರಶ್ನೆಯಿಂದ.

ಊರಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಹೋರಿಯನ್ನು ಕೆಡವಿ, ಕಾಲು ಕಟ್ಟಿ, ಬೀಜ ಒಡೆಯೋದನ್ನು ಚಿಕ್ಕವನಿದ್ದಾಗ ದೂರದಲ್ಲಿ ನಿಂತು ನೋಡಿದ್ದೇನೆ. ಆಮೇಲೆ ದನದ ಡಾಕ್ಟರು ದೊಡ್ಡ ಇಕ್ಕಳ ತರೋಕೆ ಶುರು ಮಾಡಿದರು. ಹಾಗೆ ಮಾಡಿದ ಮೇಲೆ ಹಿಣಿಲು ಇಳಿಯುತ್ತೆ, ಹಾಯೋ ಬುದ್ಧಿ ಹೋಗುತ್ತೆ ಅನ್ನೋದು ರೈತನಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಗೊತ್ತಿಲ್ಲದೇ ಇದ್ದದ್ದು ಒಳಗೇನಾಗುತ್ತೆ ಅನ್ನೋದು.

ಅದನ್ನು ನೋಡಿದವನು ಜಾನ್ ಹಂಟರ್. 18ನೇ ಶತಮಾನದ ಲಂಡನ್ನಿನ ಸರ್ಜನ್, ಸಿಕ್ಕ ಸಿಕ್ಕ ಪ್ರಾಣಿಯನ್ನೆಲ್ಲ ಕುಯ್ದು ನೋಡುವ ಆಸಾಮಿ. ಬೀಜ ತೆಗೆದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಚಿಕ್ಕದಾಗಿ, ಸತ್ವ ಇಲ್ಲದ ನಾರಿನ ಹಾಗೆ ಇರೋದನ್ನು ಅವನು ಗಮನಿಸಿದ. ಬೀಜ ಇರುವ ಗಂಡಿನಲ್ಲಿ ಅದೇ ಗ್ರಂಥಿ ಮೆತ್ತಗೆ, ದಪ್ಪಗೆ ಇರುತ್ತಿತ್ತು. ಮೂತ್ರಕೋಶದ ಬುಡದಲ್ಲಿ ಕೂತಿರುವ, ವೀರ್ಯಕ್ಕೆ ದ್ರವ ಸೇರಿಸುವ ಈ ಪುಟ್ಟ ಗ್ರಂಥಿ ದೂರದ ವೃಷಣದ ಹಂಗಿನಲ್ಲಿದೆ ಅನ್ನೋದು ಅಲ್ಲಿಗೆ ಗೊತ್ತಾಯ್ತು. ಆ ಹಂಗು ಎಂಥದ್ದು ಅಂತ ಹೇಳೋಕೆ ಪದವೇ ಇರಲಿಲ್ಲ. 'ಹಾರ್ಮೋನ್' ಅನ್ನುವ ಪದ ಬಂದದ್ದು 1905ರಲ್ಲಿ.

ಅಷ್ಟರೊಳಗೆ ಒಬ್ಬರು ಇದನ್ನು ಮನುಷ್ಯರ ಮೇಲೆ ಮಾಡಿಯೂ ಆಗಿತ್ತು. ಫಿಲಡೆಲ್ಫಿಯಾದ ಸರ್ಜನ್ ವಿಲಿಯಂ ವೈಟ್, ಪ್ರಾಸ್ಟೇಟ್ ಊದಿಕೊಂಡು ಮೂತ್ರ ಕಟ್ಟಿದ ಮುದುಕರಿಗೆ ವೃಷಣ ತೆಗೆದರೆ ಗ್ರಂಥಿ ಕುಗ್ಗುತ್ತೆ ಅಂತ ವಾದಿಸಿದರು. 1895ರಲ್ಲಿ 111 ರೋಗಿಗಳ ಲೆಕ್ಕವನ್ನೂ ಮುಂದಿಟ್ಟರು. ಅದು ಕ್ಯಾನ್ಸರ್ ಅಲ್ಲ, ವಯಸ್ಸಾದಾಗ ಬರುವ ಮಾಮೂಲಿ ಊತ. ಮುಂದೆ ಗ್ರಂಥಿಯನ್ನೇ ತೆಗೆಯುವ ಆಪರೇಷನ್ ಸುಧಾರಿಸಿದ ಮೇಲೆ ಈ ಪದ್ಧತಿ ಮೂಲೆಗೆ ಸೇರಿತು.

1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕರ್ ತಂಡ ಹೋರಿಯ ಬೀಜಗಳಿಂದ ಆ ವಸ್ತುವನ್ನೇ ಬೇರ್ಪಡಿಸಿತು. ಸುಮಾರು 100 ಕೆಜಿ ಹೋರಿ ಬೀಜಕ್ಕೆ ಸಿಕ್ಕಿದ್ದು 10 ಮಿಲಿಗ್ರಾಂ. ಅದಕ್ಕೆ ಟೆಸ್ಟೋಸ್ಟೆರಾನ್ ಅಂತ ಹೆಸರಿಟ್ಟರು. ನಮ್ಮ ದೊಡ್ಡಪ್ಪನ ಹೋರಿ ಇಲ್ಲೂ ಬಂತು ನೋಡಿ.

ಈಗ ಕಥೆಯ ಮುಖ್ಯ ಮನುಷ್ಯ. ಚಾರ್ಲ್ಸ್ ಹಗಿನ್ಸ್, ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ 1901ರಲ್ಲಿ ಹುಟ್ಟಿದವರು. 1927ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿ ಮೂತ್ರಾಂಗಗಳ ಸರ್ಜನ್ ಆದರು. ಅವರಿಗೆ ಆಸಕ್ತಿ ಇದ್ದದ್ದು ಪ್ರಾಸ್ಟೇಟ್ ಸ್ರವಿಸುವ ದ್ರವದ ರಸಾಯನಶಾಸ್ತ್ರದಲ್ಲಿ. ನಾಯಿಗಳಲ್ಲಿ ಆ ದ್ರವವನ್ನು ಮೂತ್ರದ ಜೊತೆ ಬೆರೆಯದ ಹಾಗೆ ಸಂಗ್ರಹಿಸುವ ವಿಧಾನ ಕಂಡುಹಿಡಿದು ದಿನಾ ಎಷ್ಟು ಬರುತ್ತೆ ಅಂತ ಅಳೆಯುತ್ತಿದ್ದರು. ಬೀಜ ತೆಗೆದರೆ ದ್ರವ ನಿಲ್ಲುತ್ತಿತ್ತು, ಟೆಸ್ಟೋಸ್ಟೆರಾನ್ ಕೊಟ್ಟರೆ ಮತ್ತೆ ಬರುತ್ತಿತ್ತು.

ವಯಸ್ಸಾದ ನಾಯಿಗಳು ಅವರ ಲೆಕ್ಕ ಕೆಡಿಸುತ್ತಿದ್ದವು. ಮನುಷ್ಯನ ಹಾಗೆ ಮುಪ್ಪಿನಲ್ಲಿ ಪ್ರಾಸ್ಟೇಟ್ ಗಡ್ಡೆ ಬರುವ ಪ್ರಾಣಿ ಅಂದರೆ ಮುಖ್ಯವಾಗಿ ನಾಯಿಯೇ. ಮೊದಮೊದಲು ಗಡ್ಡೆ ಇರುವ ನಾಯಿ ಸಿಕ್ಕಿದರೆ ಹಗಿನ್ಸ್‌ಗೆ ತಲೆನೋವು. ಆಮೇಲೆ, ಬೀಜ ತೆಗೆದಾಗ ಆ ಗಡ್ಡೆಯೂ ಕುಗ್ಗುತ್ತಿದೆ ಅನ್ನೋದು ಕಣ್ಣಿಗೆ ಬಿತ್ತು. ಆಗಿನಿಂದ ಅಂಥ ನಾಯಿಗಳನ್ನೇ ಹುಡುಕೋಕೆ ಶುರು ಮಾಡಿದರು. ಡೇಟಾದಲ್ಲಿ ಕಸ ಅಂತ ನಾವು ಎತ್ತಿ ಬಿಸಾಕೋದರಲ್ಲೇ ಎಷ್ಟೋ ಸಲ ಉತ್ತರ ಇರುತ್ತೆ.

ಮನುಷ್ಯರಲ್ಲಿ ಇದನ್ನು ಅಳೆಯೋಕೆ ಒಂದು ಅಳತೆಗೋಲು ಬೇಕಿತ್ತು. ನ್ಯೂಯಾರ್ಕಿನ ಅಲೆಕ್ಸಾಂಡರ್ ಗಟ್‌ಮನ್ ಮತ್ತು ಎಥೆಲ್ ಗಟ್‌ಮನ್ ಅದನ್ನು ಆಗಲೇ ಕೊಟ್ಟಿದ್ದರು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದಾಗ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಅನ್ನುವ ಕಿಣ್ವ ಏರುತ್ತೆ ಅಂತ ಅವರು 1938ರಲ್ಲಿ ತೋರಿಸಿದ್ದರು. ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಇದನ್ನೇ ಹಿಡಿದುಕೊಂಡರು. 1941ರಲ್ಲಿ ಅವರ ಲೇಖನ ಬಂತು. ಕ್ಯಾನ್ಸರ್ ಹರಡಿದ ರೋಗಿಗಳ ವೃಷಣ ತೆಗೆದರೆ ಆ ಕಿಣ್ವ ಇಳಿಯುತ್ತೆ, ಹೆಣ್ಣು ಹಾರ್ಮೋನ್ ಕೊಟ್ಟರೂ ಇಳಿಯುತ್ತೆ, ಟೆಸ್ಟೋಸ್ಟೆರಾನ್ ಚುಚ್ಚಿದರೆ ಏರುತ್ತೆ. ಅದೇ ವರ್ಷ 21 ರೋಗಿಗಳಿಗೆ ಆಪರೇಷನ್ ಮಾಡಿದ ವರದಿಯೂ ಬಂತು. ಮೂಳೆ ನೋವಿನಿಂದ ಹಾಸಿಗೆ ಹಿಡಿದಿದ್ದ ಕೆಲವರಿಗೆ ದಿನಗಳಲ್ಲೇ ನೋವು ತಗ್ಗಿತ್ತು.

ಇದು ಎಷ್ಟು ದೊಡ್ಡ ಮಾತು ಅನ್ನೋದು ಈಗ ನಮಗೆ ತಟ್ಟನೆ ಹೊಳೆಯಲ್ಲ. ಅಲ್ಲಿವರೆಗೆ ಕ್ಯಾನ್ಸರ್ ಕೋಶ ಅಂದರೆ ಕಡಿವಾಣ ಇಲ್ಲದ್ದು, ದೇಹದ ಯಾವ ಮಾತೂ ಕೇಳದ್ದು ಅನ್ನೋ ನಂಬಿಕೆ ಇತ್ತು. ಇಲ್ಲ, ಅದು ಈಗಲೂ ಒಂದು ಹಾರ್ಮೋನಿನ ಮಾತು ಕೇಳುತ್ತೆ, ಆ ಮಾತು ನಿಲ್ಲಿಸಿದರೆ ಸಾಯುತ್ತೆ ಅಂತ ಹಗಿನ್ಸ್ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು.

ದೊಡ್ಡಪ್ಪನಿಗೂ ಹಾಗೇ ಆಯ್ತು. ಆಪರೇಷನ್ ಆಗಿ ಎರಡನೇ ವಾರಕ್ಕೆ ಕೋಲು ಬಿಟ್ಟು ನಡೆದರು. ತಿಂಗಳಾಗೋ ಹೊತ್ತಿಗೆ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ತಾವೇ ಹೋಗುತ್ತಿದ್ದರು.

ಇಂಜೆಕ್ಷನ್ ಬೇಡ ಅಂದೆವಲ್ಲ, ಅದರ ಕಥೆಯನ್ನೂ ಹೇಳಿಬಿಡ್ತೀನಿ. ವೃಷಣ ತೆಗೆಸಿಕೊಳ್ಳೋಕೆ ಯಾವ ಗಂಡಸು ತಾನೇ ಖುಷಿಯಿಂದ ಒಪ್ಪುತ್ತಾನೆ? ಹಗಿನ್ಸ್ ಕಾಲದಿಂದಲೂ ಬದಲಿ ದಾರಿ ಇತ್ತು, ಸ್ಟಿಲ್‌ಬೆಸ್ಟ್ರಾಲ್ ಎಂಬ ಮಾತ್ರೆ. 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ತಯಾರಿಸಿದ ಕೃತಕ ಹೆಣ್ಣು ಹಾರ್ಮೋನ್. ಕ್ಯಾನ್ಸರ್ ಹತೋಟಿಗೆ ಬರುತ್ತಿತ್ತು. ಆದರೆ 1960ರ ದಶಕದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ದಿನಕ್ಕೆ 5 ಮಿಲಿಗ್ರಾಂ ತಿಂದವರು ಹೃದಯ, ರಕ್ತನಾಳದ ತೊಂದರೆಯಿಂದ ಹೆಚ್ಚು ಸಾಯುತ್ತಿದ್ದಾರೆ ಅಂತ ಗೊತ್ತಾಯ್ತು.

ಆಮೇಲೆ ಬಂದದ್ದು ಇಂಜೆಕ್ಷನ್. ವೃಷಣಕ್ಕೆ 'ಟೆಸ್ಟೋಸ್ಟೆರಾನ್ ಮಾಡು' ಅಂತ ಹೇಳೋದು ಪಿಟ್ಯುಟರಿ ಗ್ರಂಥಿ. ಪಿಟ್ಯುಟರಿಗೆ ಹೇಳೋದು ಮೆದುಳಿನ ಹೈಪೋಥಲಮಸ್. ಆ ಸಂದೇಶದ ಅಣುವನ್ನು 1971ರಲ್ಲಿ ಆಂಡ್ರ್ಯೂ ಶಾಲಿ ತಂಡ ಲಕ್ಷಕ್ಕೂ ಹೆಚ್ಚು ಹಂದಿಗಳ ಮೆದುಳಿನ ಚೂರುಗಳಿಂದ ಹೆಕ್ಕಿ ತೆಗೆಯಿತು. 1977ರ ನೊಬೆಲ್ಲಿನಲ್ಲಿ ಶಾಲಿಗೂ ಪಾಲು ಬಂತು. ಇದರಲ್ಲೊಂದು ವಿಚಿತ್ರ ಇದೆ. ಆ ಸಂದೇಶ ಸಹಜವಾಗಿ ಬಿಟ್ಟು ಬಿಟ್ಟು ಬರುತ್ತೆ. ಬಿಡದೆ ಬರುತ್ತಲೇ ಇದ್ದರೆ ಪಿಟ್ಯುಟರಿ ಕೇಳೋದನ್ನೇ ನಿಲ್ಲಿಸುತ್ತೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ನಿಮಿಷಕ್ಕೊಂದು ಗುಡ್ ಮಾರ್ನಿಂಗ್ ಬಂದರೆ ನಾವು ಮ್ಯೂಟ್ ಮಾಡ್ತೀವಲ್ಲ, ಹಾಗೆ. ಲ್ಯೂಪ್ರೊಲೈಡ್ ಇಂಜೆಕ್ಷನ್ ಮಾಡೋದು ಇದನ್ನೇ. ಅಮೆರಿಕದಲ್ಲಿ ಅದಕ್ಕೆ 1985ರಲ್ಲಿ ಅನುಮತಿ ಸಿಕ್ಕಿತು. ಮ್ಯೂಟ್ ಆಗುವ ಮುಂಚೆ ಒಂದೆರಡು ವಾರ ಟೆಸ್ಟೋಸ್ಟೆರಾನ್ ಏರುತ್ತೆ. ಬೆನ್ನುಮೂಳೆಗೆ ಹರಡಿದವರಿಗೆ ಇದು ಅಪಾಯ. ಅದಕ್ಕೇ ಅಂಥವರಿಗೆ ಮೊದಲೇ ಬೇರೆ ಮಾತ್ರೆ ಶುರು ಮಾಡುತ್ತಾರೆ.

ಇಷ್ಟಾದರೂ ಕೋಶದ ಒಳಗೆ ಆ ಮಾತು ಕೇಳಿಸಿಕೊಳ್ಳುವ ಕಿವಿ ಯಾವುದು ಅನ್ನೋದು ಬಹಳ ಕಾಲ ಗೊತ್ತಿರಲಿಲ್ಲ. ಹಗಿನ್ಸ್ ನಡೆಸುತ್ತಿದ್ದ ಪ್ರಯೋಗಾಲಯದಲ್ಲೇ ಕೆಲಸ ಮಾಡುತ್ತಿದ್ದ ಎಲ್ವುಡ್ ಜೆನ್ಸನ್ 1950ರ ದಶಕದ ಕೊನೆಯಲ್ಲಿ ವಿಕಿರಣ ಸೂಸುವ ಹೆಣ್ಣು ಹಾರ್ಮೋನ್ ತಯಾರಿಸಿ, ಅದು ದೇಹದಲ್ಲಿ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ಹಿಂಬಾಲಿಸಿದರು. ಗರ್ಭಕೋಶದಂಥ ಕೆಲವೇ ಅಂಗಾಂಶಗಳಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಇತ್ತು. ಅದೇ ರಿಸೆಪ್ಟರ್. ಗಂಡು ಹಾರ್ಮೋನಿಗೂ ಅಂಥದ್ದೊಂದು ಇದೆ ಅನ್ನೋದು 1960ರ ದಶಕದ ಕೊನೆಗೆ ಇಲಿಯ ಪ್ರಾಸ್ಟೇಟಿನಲ್ಲಿ ಗೊತ್ತಾಯ್ತು. ಅದರ ಜೀನ್ ಕೈಗೆ ಸಿಕ್ಕಿದ್ದು 1988ರಲ್ಲಿ. ಶಿಕಾಗೋದಲ್ಲಿ ಶುತ್ಸುಂಗ್ ಲಿಯಾವ್ ತಂಡಕ್ಕೆ ಮತ್ತು ನಾರ್ತ್ ಕ್ಯಾರೊಲೈನಾದ ಇನ್ನೊಂದು ತಂಡಕ್ಕೆ ಒಂದೇ ವರ್ಷ. ಹೆಸರು ಆಂಡ್ರೊಜೆನ್ ರಿಸೆಪ್ಟರ್. ಈ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಅಂದರೆ ಗಂಡಸನ್ನು ಗಂಡಸಾಗಿಸುವ ಹಾರ್ಮೋನಿಗೆ ಕಿವಿ ಕೊಡುವ ಜೀನ್ ಪ್ರತಿ ಗಂಡಸಿಗೂ ಅವರವ್ವನಿಂದ ಬಂದದ್ದು.

ಅದು ಬರೀ ಕಿವಿ ಅಲ್ಲ, ಜೀನ್ ನಿಯಂತ್ರಕ. ನಮ್ಮ ಪ್ರತಿ ಕೋಶದಲ್ಲೂ ಸುಮಾರು 20,000 ಜೀನ್‌ಗಳ ಒಂದೇ ಕೋಡ್ ಇದೆ. ಕಣ್ಣಿನ ಕೋಶವೂ ಕರುಳಿನ ಕೋಶವೂ ಬೇರೆ ಯಾಕೆ ಅಂದರೆ, ಯಾವ ಜೀನ್ ಚಾಲೂ ಇದೆ, ಯಾವುದು ಬಂದ್ ಆಗಿದೆ ಅನ್ನೋದು ಬೇರೆ ಬೇರೆ. ಈ ಚಾಲೂ-ಬಂದ್ ಕೆಲಸ ಮಾಡೋ ಪ್ರೋಟೀನ್‌ಗಳೇ ನಿಯಂತ್ರಕಗಳು. ಆಂಡ್ರೊಜೆನ್ ರಿಸೆಪ್ಟರ್ ಸುಮ್ಮನೆ ಕೋಶದ್ರವದಲ್ಲಿ ಕಾಯುತ್ತಾ ಕೂತಿರುತ್ತೆ. ಹಾರ್ಮೋನ್ ಬಂದು ಅಂಟಿಕೊಂಡರೆ ಅದರ ಆಕಾರ ಬದಲಾಗುತ್ತೆ, ನ್ಯೂಕ್ಲಿಯಸ್ಸಿನ ಒಳಗೆ ಹೋಗುತ್ತೆ, ಜೋಡಿಯಾಗಿ ಡಿಎನ್‌ಎ ಮೇಲೆ ತನಗೆ ಗೊತ್ತಿರುವ ಅಕ್ಷರಗಳ ಜಾಗ ಹುಡುಕಿ ಕೂರುತ್ತೆ. ಸುತ್ತಿಟ್ಟ ಡಿಎನ್‌ಎಯನ್ನು ಬಿಚ್ಚಿ ಜಾಗ ಮಾಡಿಕೊಡೋಕೆ ಫಾಕ್ಸ್‌ಎ1 ಅನ್ನುವ ಇನ್ನೊಂದು ನಿಯಂತ್ರಕ ಮೊದಲೇ ಅಲ್ಲಿ ಹೋಗಿ ಕೂತಿರುತ್ತೆ. ಆಮೇಲೆ ಸಹಾಯಕ ಪ್ರೋಟೀನ್‌ಗಳು ಬಂದು ಸೇರಿ, ಪಕ್ಕದ ಜೀನ್‌ಗಳು ಚಾಲೂ ಆಗುತ್ತವೆ. ಆರೋಗ್ಯವಂತ ಪ್ರಾಸ್ಟೇಟಿನಲ್ಲಿ ಇದು ದ್ರವ ಮಾಡುವ ಕೆಲಸ ನಡೆಸುತ್ತೆ. ಕ್ಯಾನ್ಸರ್ ಕೋಶದಲ್ಲಿ ಇದೇ ನಿಯಂತ್ರಕ ಬೆಳೆಯುವ, ವಿಭಜನೆಯಾಗುವ ಜೀನ್‌ಗಳನ್ನು ಓಡಿಸುತ್ತೆ.

ಹೀಗೆ ಚಾಲೂ ಆಗುವ ಜೀನ್‌ಗಳಲ್ಲೊಂದು ಪಿಎಸ್‌ಎ. ಹೌದು, ರಕ್ತ ಪರೀಕ್ಷೆಯಲ್ಲಿ ಬರೋ ಅದೇ ಪಿಎಸ್‌ಎ. ಅಂದರೆ ಪಿಎಸ್‌ಎ ಅಂಕಿ ಹೆಚ್ಚು ಕಮ್ಮಿ ಆಂಡ್ರೊಜೆನ್ ರಿಸೆಪ್ಟರಿನ ಲಾಗ್ ಫೈಲ್ ಇದ್ದ ಹಾಗೆ. ಇದು ನನಗೆ ಮೊದಲೇ ಗೊತ್ತಿದ್ದರೆ ಅನ್ನೋ ಕೊರಗು ಇವತ್ತಿಗೂ ಇದೆ.

ಯಾಕೆ ಅಂದರೆ, ಆಪರೇಷನ್ ಆದ ಮೇಲೆ ನೂರಾರು ಇದ್ದ ದೊಡ್ಡಪ್ಪನ ಪಿಎಸ್‌ಎ 0.2ಕ್ಕೆ ಇಳಿಯಿತು. ನಾನು ಫ್ಯಾಮಿಲಿ ಗ್ರೂಪಿನಲ್ಲಿ "ಕ್ಯಾನ್ಸರ್ ಹೋಯ್ತು" ಅಂತ ಹಾಕಿದೆ. ಮೂರು ತಿಂಗಳಿಗೊಮ್ಮೆ ತಾಲೂಕಿನ ಲ್ಯಾಬಲ್ಲಿ ರಕ್ತ ಕೊಡೋದು, ರಿಪೋರ್ಟ್ ನನಗೆ ಕಳಿಸೋದು, ನಾನು ನೋಡಿ ಹೇಳೋದು. ಹೀಗೆ ನಡೀತಿತ್ತು. ಬೆಂಗಳೂರಿಗೆ ಓಡಾಡೋದು ತಪ್ಪುತ್ತಲ್ಲ ಅಂತ ಎಲ್ಲರಿಗೂ ಸಮಾಧಾನ. ಎರಡು ವರ್ಷದ ಹತ್ತಿರ ಬಂದಾಗ 0.5 ಬಂತು. ಆಮೇಲೆ 1.1. ಆಮೇಲೆ 2.3. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿತ್ತು, 0ಯಿಂದ 4 ನಾರ್ಮಲ್ ಅಂತ. ನಾನು ಮೂರು ಸಲವೂ "ನಾರ್ಮಲ್ ದೊಡ್ಡಪ್ಪ" ಅಂದೆ.

ಮೂರನೇ ಸಲ ಅವರು ಫೋನಿನಲ್ಲಿ, "ಏರ್ತಾ ಅದಲ್ಲ ಮಗ. ಎರಡೆರಡು ಪಟ್ಟು ಆಯ್ತಾ ಅದೆ" ಅಂದರು. ಡೈರಿಯ ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರತಿ ಸಲದ ಅಂಕಿಯನ್ನೂ ತಾರೀಖು ಹಾಕಿ ಬರೆದಿಟ್ಟಿದ್ದರು. ಫ್ಯಾಟ್ ಇವತ್ತೆಷ್ಟು, ನಿನ್ನೆ ಎಷ್ಟು ಅಂತ ಜೀವಮಾನವಿಡೀ ನೋಡಿದ ಕಣ್ಣು. ನಾನು, "ನಾಲ್ಕರ ಒಳಗಿದೆಯಲ್ಲ, ಏನೂ ಆಗಲ್ಲ" ಅಂದುಬಿಟ್ಟೆ. ಆ 0ಯಿಂದ 4 ಅನ್ನೋದು ಪ್ರಾಸ್ಟೇಟೂ ವೃಷಣವೂ ನೆಟ್ಟಗಿರುವ ಗಂಡಸಿನ ಲೆಕ್ಕ. ವೃಷಣವನ್ನೇ ತೆಗೆದವರಲ್ಲಿ ಆ ಲಾಗ್ ಫೈಲ್ ಹೆಚ್ಚುಕಮ್ಮಿ ಖಾಲಿ ಇರಬೇಕು. ಒಂದೊಂದೇ ಸಾಲು ಬರೋಕೆ ಶುರುವಾಯ್ತು ಅಂದರೆ ಒಳಗೆ ಪ್ರೋಗ್ರಾಂ ಮತ್ತೆ ಓಡುತ್ತಿದೆ ಅಂತ ಅರ್ಥ. ಆಫೀಸಿನಲ್ಲಿ ಗ್ರಾಫ್ ನೋಡದೆ ಬರೀ ಅಲಾರಂ ಮಿತಿ ನೋಡಿದ ಜೂನಿಯರ್ ಹುಡುಗನಿಗೆ ನಾನೇ ಬೈದಿದ್ದೇನೆ. ಮನೆಯಲ್ಲಿ ಮಾಡಿದ್ದು ಅದೇ ತಪ್ಪು. ಕೊನೆಗೆ ಸೊಂಟ ನೋವು ವಾಪಸ್ ಬಂದ ಮೇಲೆ ಡಾಕ್ಟರ ಹತ್ತಿರ ಹೋದಾಗ ಪಿಎಸ್‌ಎ 9 ದಾಟಿತ್ತು. ಆರು ತಿಂಗಳು ಕೈಬಿಟ್ಟು ಹೋಗಿತ್ತು.

ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ದೊಡ್ಡಪ್ಪ ತಮ್ಮ ಎರಡನೇ ಪ್ರಶ್ನೆ ಕೇಳಿದರು. "ಬೀಜನೇ ಇಲ್ವಲ್ಲ ಮಗ. ಮತ್ತೆ ಎಲ್ಲಿಂದ ಬಂತು?"

ಇದೇ ಪ್ರಶ್ನೆ ಹಗಿನ್ಸ್‌ರನ್ನೂ ಕಾಡಿತ್ತು. ಅವರ ರೋಗಿಗಳಲ್ಲೂ ಬಹಳಷ್ಟು ಜನರಿಗೆ ಕ್ಯಾನ್ಸರ್ ಮರಳಿ ಬಂತು. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯೂ ಒಂದಷ್ಟು ಗಂಡು ಹಾರ್ಮೋನ್ ಮಾಡುತ್ತೆ, ಅದೇ ಕಾರಣ ಇರಬೇಕು ಅಂತ 1945ರಲ್ಲಿ ಅವನ್ನೂ ತೆಗೆದು ನೋಡಿದರು. ಆಗ ಕಾರ್ಟಿಸೋನ್ ಔಷಧಿಯಾಗಿ ಸಿಗುತ್ತಿರಲಿಲ್ಲ. ಅಡ್ರಿನಲ್ ಇಲ್ಲದೆ ರೋಗಿಗಳು ಹೆಚ್ಚು ದಿನ ಉಳಿಯಲಿಲ್ಲ. ಮುಂದೆ ದಶಕಗಳ ಕಾಲ ಡಾಕ್ಟರುಗಳು ಈ ಹಂತಕ್ಕೆ 'ಹಾರ್ಮೋನಿನ ಹಂಗಿಲ್ಲದ ಕ್ಯಾನ್ಸರ್' ಅಂತ ಹೆಸರಿಟ್ಟು ಕೈಚೆಲ್ಲಿದ್ದರು.

ಹೆಸರೇ ತಪ್ಪಾಗಿತ್ತು ಅಂತ ನಿಧಾನಕ್ಕೆ ಗೊತ್ತಾಯ್ತು. 1977ರಲ್ಲಿ ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ, 50 ವರ್ಷದ ಒಬ್ಬ ರೋಗಿಯ ದುಗ್ಧಗ್ರಂಥಿಗೆ ಹರಡಿದ್ದ ಕ್ಯಾನ್ಸರಿನಿಂದ ಕೋಶಗಳನ್ನು ತೆಗೆದು ಗಾಜಿನ ಪಾತ್ರೆಯಲ್ಲಿ ಬೆಳೆಸಿದ್ದರು. ಎಲ್‌ಎನ್‌ಕ್ಯಾಪ್ ಅನ್ನುವ ಆ ಕೋಶಗಳು ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. 1990ರಲ್ಲಿ ಅವುಗಳ ರಿಸೆಪ್ಟರ್ ಜೀನ್ ಓದಿ ನೋಡಿದರೆ ಒಂದೇ ಒಂದು ಅಕ್ಷರ ಬದಲಾಗಿತ್ತು. ಅಷ್ಟಕ್ಕೇ ಆ ರಿಸೆಪ್ಟರ್ ಬೇರೆ ಹಾರ್ಮೋನ್‌ಗಳಿಗೂ ಓಗೊಡುತ್ತಿತ್ತು. ಅದನ್ನು ತಡೆಯಬೇಕಾದ ಫ್ಲುಟಮೈಡ್ ಅನ್ನುವ ಔಷಧಿಯನ್ನೇ ಅದು ಹಾರ್ಮೋನ್ ಅಂದುಕೊಂಡು ಚಾಲೂ ಆಗುತ್ತಿತ್ತು! 1993ರಲ್ಲಿ ವೈದ್ಯರು ಇನ್ನೊಂದು ವಿಷಯ ವರದಿ ಮಾಡಿದರು. ಕೆಲವು ರೋಗಿಗಳಲ್ಲಿ ಫ್ಲುಟಮೈಡ್ ನಿಲ್ಲಿಸಿದರೆ ಪಿಎಸ್‌ಎ ಇಳಿಯುತ್ತಿತ್ತು.

1995ರಲ್ಲಿ ಫಿನ್ಲೆಂಡಿನ ತಾಂಪೆರೆಯ ಸಂಶೋಧಕರು ಮರಳಿ ಬಂದ ಗಡ್ಡೆಗಳಲ್ಲಿ ಸುಮಾರು 30% ಗಡ್ಡೆಗಳು ಈ ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಂಡಿವೆ ಅಂತ ತೋರಿಸಿದರು. ಮಾತು ಪಿಸುಗುಟ್ಟಿದಷ್ಟು ಸಣ್ಣಗಾಯ್ತಾ, ಹಾಗಾದರೆ ಕಿವಿಗಳನ್ನೇ ಜಾಸ್ತಿ ಮಾಡಿಕೊಳ್ಳೋಣ ಅನ್ನೋ ಉಪಾಯ. 2004ರಲ್ಲಿ ಚಾರ್ಲ್ಸ್ ಸಾಯರ್ಸ್ ತಂಡ ಇಲಿಗಳಲ್ಲಿ ಬೆಳೆಸಿದ ಏಳು ಜೋಡಿ ಗಡ್ಡೆಗಳನ್ನು ಹೋಲಿಸಿತು, ಔಷಧಿಗೆ ಬಗ್ಗುತ್ತಿದ್ದವು ಮತ್ತು ಬಗ್ಗದವು. ಎಲ್ಲ ಜೋಡಿಗಳಲ್ಲೂ ಒಂದೇ ರೀತಿ ಏರಿದ್ದ ಜೀನ್ ಒಂದೇ, ಆಂಡ್ರೊಜೆನ್ ರಿಸೆಪ್ಟರ್. ಅಂದರೆ ಹಂಗು ತಪ್ಪಿರಲೇ ಇಲ್ಲ. ಸ್ವಿಚ್ಚು ಅದೇ. ಒತ್ತೋ ದಾರಿ ಮಾತ್ರ ಬದಲಾಗಿತ್ತು.

ಈ ತಿಳಿವಳಿಕೆಯಿಂದ ಹುಟ್ಟಿದ ಔಷಧಿ ಎನ್ಜಾಲುಟಮೈಡ್. ಸಾಯರ್ಸ್ ಮತ್ತು ರಸಾಯನಶಾಸ್ತ್ರಜ್ಞ ಮೈಕೆಲ್ ಯಂಗ್, ರಿಸೆಪ್ಟರ್ ಹೆಚ್ಚಿರುವ ಕೋಶಗಳಲ್ಲೂ ಕೆಲಸ ಮಾಡುವ ಅಣುವನ್ನು ಹುಡುಕಿ ರೂಪಿಸಿದ್ದು. ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಅದಕ್ಕಿಂತ ಒಂದು ವರ್ಷ ಮೊದಲು ಬಂದದ್ದು ಲಂಡನ್ನಿನಲ್ಲಿ ಹುಟ್ಟಿದ ಅಬಿರಟೆರೋನ್. ಅದು ಅಡ್ರಿನಲ್‌ನಲ್ಲಿ, ಅಷ್ಟೇ ಅಲ್ಲ ಗಡ್ಡೆಯ ಒಳಗೇ ಹಾರ್ಮೋನ್ ತಯಾರಾಗೋದನ್ನೂ ತಡೆಯುತ್ತೆ. 1945ರಲ್ಲಿ ಹಗಿನ್ಸ್ ಚಾಕುವಿನಿಂದ ಮಾಡಹೊರಟ ಕೆಲಸವನ್ನು ಈಗ ಮಾತ್ರೆ ಮಾಡುತ್ತೆ. ಜೊತೆಗೆ ದಿನಾ ಒಂದಿಷ್ಟು ಪ್ರೆಡ್ನಿಸೋಲೋನ್ ತಗೋಬೇಕು. ಹಗಿನ್ಸ್ ಹತ್ತಿರ ಅದು ಇರಲಿಲ್ಲ.

ಇದರ ಮಧ್ಯೆ 2005ರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಮಿಶಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ, ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ 21ನೇ ಕ್ರೋಮೋಸೋಮಿನ ಎರಡು ಜೀನ್‌ಗಳು ಒಂದಕ್ಕೊಂದು ಅಂಟಿಕೊಂಡಿರೋದನ್ನು ಕಂಡುಹಿಡಿಯಿತು. ಮೊದಲನೆಯದು ಟಿಎಂಪಿಆರ್‌ಎಸ್‌ಎಸ್2. ಕೊರೋನಾ ವೈರಸ್ ನಮ್ಮ ಕೋಶದೊಳಗೆ ನುಗ್ಗೋಕೆ ಬಳಸಿಕೊಳ್ಳುವ ಪ್ರೋಟೀನ್ ಮಾಡೋದು ಇದೇ ಜೀನ್. ಆಂಡ್ರೊಜೆನ್ ರಿಸೆಪ್ಟರ್ ಇದನ್ನು ಚಾಲೂ ಮಾಡುತ್ತೆ. ಎರಡನೆಯದು ಇಆರ್‌ಜಿ, ಅದೂ ಒಂದು ಜೀನ್ ನಿಯಂತ್ರಕ. ಸಾಮಾನ್ಯವಾಗಿ ಪ್ರಾಸ್ಟೇಟ್ ಕೋಶದಲ್ಲಿ ಅದು ಮಲಗಿರುತ್ತೆ. ಮಧ್ಯದ ಡಿಎನ್‌ಎ ತುಂಡು ಬಿದ್ದುಹೋಗಿ ಇವೆರಡೂ ಸೇರಿದಾಗ, ಇಆರ್‌ಜಿ ಕೂಡ ಗಂಡು ಹಾರ್ಮೋನಿನ ಸ್ವಿಚ್ಚಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಬೇರೆ ಯಾವುದೋ ಫಂಕ್ಷನ್ನಿನ ಕೋಡನ್ನು ತಪ್ಪು ಇವೆಂಟಿನ ಕೆಳಗೆ ಪೇಸ್ಟ್ ಮಾಡಿದ ಹಾಗೆ. ಹಾರ್ಮೋನ್ ಬಂದಾಗಲೆಲ್ಲ ಅದೂ ಎದ್ದು ತನ್ನ ಪಡೆಯ ಜೀನ್‌ಗಳನ್ನು ಎಬ್ಬಿಸುತ್ತೆ. ಅಮೆರಿಕದಲ್ಲಿ ನೋಡಿದ ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಹೆಚ್ಚುಕಮ್ಮಿ ಅರ್ಧದಲ್ಲಿ ಇಂಥ ಜೋಡಣೆ ಇದೆ.

ಕಥೆ ಮುಗಿದಿಲ್ಲ. ಕೆಲವು ಕೋಶಗಳು ಹಾರ್ಮೋನ್ ಅಂಟಿಕೊಳ್ಳುವ ಭಾಗವನ್ನೇ ಕತ್ತರಿಸಿ ಹಾಕಿದ ಗಿಡ್ಡ ರಿಸೆಪ್ಟರ್ ತಯಾರಿಸುತ್ತವೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಯಾವಾಗಲೂ ಚಾಲೂ. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯರು 62 ರೋಗಿಗಳನ್ನು ನೋಡಿದಾಗ, ಈ ಗಿಡ್ಡ ರಿಸೆಪ್ಟರ್ ಇದ್ದವರಲ್ಲಿ ಒಬ್ಬರಿಗೂ ಆ ಎರಡು ಹೊಸ ಮಾತ್ರೆಗಳಿಂದ ಪಿಎಸ್‌ಎ ಬೇಕಾದಷ್ಟು ಇಳಿದಿರಲಿಲ್ಲ.

ಇದೆಲ್ಲ ಓದಿ ಮುಗಿಸೋ ಹೊತ್ತಿಗೆ ದೊಡ್ಡಪ್ಪ ಅಬಿರಟೆರೋನ್ ಶುರು ಮಾಡಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಊರಿಗೆ ಹೋಗಿ ಜಗಲಿ ಮೇಲೆ ಕೂತು ಎರಡನೇ ಪ್ರಶ್ನೆಗೆ ಉತ್ತರ ಹೇಳಿದೆ. ಬೀಜ ತೆಗೆದರೂ ಅಡ್ರಿನಲ್‌ನಿಂದ ಚೂರು ಹಾರ್ಮೋನ್ ಬರುತ್ತೆ, ಗಡ್ಡೆ ತಾನೇ ಒಂದಿಷ್ಟು ಮಾಡಿಕೊಳ್ಳುತ್ತೆ, ಅಷ್ಟು ಸಣ್ಣ ಮಾತು ಕೇಳೋಕೆ ಕಿವಿ ದೊಡ್ಡದು ಮಾಡಿಕೊಳ್ಳುತ್ತೆ ಅಂತ. ರಿಪೋರ್ಟ್ ನೋಡಿ ನಾರ್ಮಲ್ ಅಂದದ್ದು ನನ್ನ ತಪ್ಪು ಅಂತಲೂ ಹೇಳಿದೆ.

ಅವರು ಎಲೆ ಅಡಿಕೆ ಅಗಿಯುತ್ತಾ ಕೇಳಿದರು. "ಗರಿಕೆ ಕಣ್ ಮಗ ಅದು. ನಾಲೆ ನೀರು ನಿಲ್ಸಿದ್ರೆ ಒಣಗ್ದಂಗೆ ಕಾಣ್ತದೆ. ಬೇರು ಕೆಳಕ್ಕಿಳಿಸಿ ಪಸೆ ಹುಡುಕ್ತಾ ಇರ್ತದೆ. ಗರಿಕೆನ ಯಾರು ಪೂರ್ತಿ ಕಿತ್ತವ್ರೆ? ಬೆಳೆ ಮೇಲೆ ಬರ್ದಂಗೆ ನೋಡ್ಕೋಬೇಕು, ಅಷ್ಟೆ." ನನ್ನ ತಪ್ಪಿನ ಬಗ್ಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಹಾಲಿನ ಪುಸ್ತಕ ತಂದು ಕೈಗಿಟ್ಟು, "ಇನ್ಮೇಲೆ ಇದನ್ನ ನೋಡಿ ಹೇಳು" ಅಂದರು.

ಅದಾದ ಮೇಲೆ ಎರಡು ವರ್ಷ ಚೆನ್ನಾಗಿದ್ದರು. ಕೊನೆಯ ಮೂರು ತಿಂಗಳು ಮಾತ್ರ ಕಷ್ಟಪಟ್ಟರು. ಆ ಆರು ತಿಂಗಳು ಕಳೆಯದಿದ್ದರೆ ಇನ್ನೆಷ್ಟು ದಿನ ಸಿಗುತ್ತಿತ್ತೋ, ಅದಕ್ಕೆ ಯಾವ ಲೆಕ್ಕವೂ ಇಲ್ಲ.

ನಿಮ್ಮ ಮನೆಯಲ್ಲೂ ಅಪ್ಪನೋ ಮಾವನೋ ದೊಡ್ಡಪ್ಪನೋ ಇರ್ತಾರೆ, ರಿಪೋರ್ಟ್ ನಿಮ್ಮ ಫೋನಿಗೇ ಬರುತ್ತೆ. ಪಕ್ಕದಲ್ಲಿ ಅಚ್ಚಾದ ಮಿತಿ ನೋಡಿ ನಾರ್ಮಲ್ ಅನ್ನೋಕೆ ಮುಂಚೆ ಹಳೇ ರಿಪೋರ್ಟುಗಳನ್ನೂ ತೆಗೆದು ಸಾಲಾಗಿ ಇಟ್ಟು ನೋಡಿ. ಏರ್ತಾ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ. ಆ ಹಾಲಿನ ಪುಸ್ತಕ ಈಗ ನನ್ನ ಹತ್ತಿರ ಇದೆ. ಮುಂದಿನಿಂದ ತೆಗೆದರೆ ಲೀಟರು, ಫ್ಯಾಟು. ಹಿಂದಿನಿಂದ ತೆಗೆದರೆ ಪಿಎಸ್‌ಎ.